ಹೀರುವ ಗಿಡ

ಸೋಮವಾರ, ಮಧ್ಯಾಹ್ನದ ಬಿಡುವಿನಲ್ಲಿ

ಪ್ರೀತಿಯ ಅಮ್ಮಾ,

ನಿನ್ನ ಕಾಗದ ಶನಿವಾರ ಕೈಸೇರಿತು. ನೀನು ಹೇಳಿದ್ದನ್ನೆಲ್ಲ ಅಣ್ಣ ಹಾಗೆಹಾಗೇ ಬರೆದಿದ್ದಾನೆ, ನಡುನಡುವೆ ಅವನನ್ನು ಬೈದದ್ದನ್ನೂ ಬಿಟ್ಟಿಲ್ಲ. ಇದನ್ನೂ ಅವನೇ ನಿನಗೆ ಓದಿ ಹೇಳಬೇಕು, ಅವಸರ ಮಾಡದೆ ಓದಲಿ. ಅತ್ತಿಗೆಯ ಕಾಲಿನ ಬಾವು ಇಳಿಯಿತೇ? ಬಾಣಂತನಕ್ಕೆಂದು ನೀನು ಮೊದಲೇ ಹೋದದ್ದು ಅವಳಿಗೆ ಧೈರ್ಯ.

ನಿನ್ನ ಮೊಮ್ಮಗ ಗುಂಡ ಚೆನ್ನಾಗಿದ್ದಾನೆ. ಈಗ ಹೊಲಿಗೆ ಕೆಲಸಕ್ಕೆ ಬರುವಾಗ ಅವನನ್ನೂ ಕರೆತರುತ್ತೇನೆ. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ, ಚೂರುಬಟ್ಟೆಯ ರಾಶಿಯ ಮೇಲೆ ಮಲಗಿರುತ್ತಾನೆ. ಹಟವಿಲ್ಲ, ಗಲಾಟೆಯಿಲ್ಲ. ಪಕ್ಕದ ಮಿಷನ್ನಿನವಳು ಇವತ್ತು ಬೆಳಿಗ್ಗೆ, "ಇಷ್ಟು ಸಾಧು ಮಗೂನ ಎಲ್ಲಿಂದ ತಂದ್ಯೇ? ನಮ್ಮನೇಲಿರೋದು ಎರಡೂ ಕೋತಿಗಳೇ" ಎಂದು ನಗಿಸಿದಳು.

ಗೋಡೆಯಾಚೆ ಹಳೇ ಬ್ಯಾಟರಿ ಒಡೆಯುತ್ತಿದ್ದ ಶೆಡ್ಡಿಗೆ ಕೊನೆಗೂ ಬೀಗ ಬಿದ್ದಿದೆ. ಆದರೆ ಅಲ್ಲಿ ಕರಗಿಸಿದ ಸೀಸ ಹೊಗೆಯಾಗಿ ಬಂದು ನಮ್ಮ ಹಿತ್ತಲಿನ ಮಣ್ಣಿಗೆ ಇಳಿದದ್ದು ಇಳಿದೇ ಇದೆ. ಮಣ್ಣು ಪರೀಕ್ಷೆಯ ಹುಡುಗಿ ಮೊನ್ನೆ ಬಂದಿದ್ದಳು, ಬಂದವಳೇ ನಿನ್ನನ್ನು ಕೇಳಿದಳು. ಗುಂಡನ ರಕ್ತದಲ್ಲಿ ಸೀಸ ಸಿಕ್ಕ ವಾರ ಅವಳು ನಮ್ಮ ನೆಲಕ್ಕೆ ಕೊಳವೆ ಚುಚ್ಚುವಾಗ, "ಏನಮ್ಮಾ, ಮಣ್ಣಿಗೂ ಜ್ವರ ನೋಡ್ತೀರಾ?" ಎಂದಿದ್ದೆಯಲ್ಲ, ಅದನ್ನು ಆಫೀಸಿನಲ್ಲೆಲ್ಲ ಹೇಳಿದ್ದಾಳಂತೆ.

ಮಗುವನ್ನು ಹಿತ್ತಲಿಗೆ ಬಿಡಬೇಡಿ ಎಂದು ಹೇಳಿ, ಅಲ್ಲಿ ಸಾಸಿವೆ ಬಿತ್ತಿಸಿದವಳೂ ಅವಳೇ. "ಈ ಗಿಡ ಮಣ್ಣಲ್ಲಿರೋ ಸೀಸಾನ ಹೀರ್ಕೊಳ್ಳುತ್ತೆ ಅಜ್ಜಿ, ಸೊಪ್ಪು ಅಂತ ತಿನ್ನಬೇಡಿ" ಎಂದಿದ್ದಳು. ನೀನು ಆ ಗಿಡಗಳಿಗೆ ಅದೆಷ್ಟು ಅಕ್ಕರೆಯಿಂದ ನೀರು ಹಾಕುತ್ತಿದ್ದೆ!

ಈಗ ನಿನ್ನ ಕಾಗದದ ಮಾತಿಗೆ ಬರುತ್ತೇನೆ. "ಮಣ್ಣಿಂದ ಹೀರೋ ಗಿಡ ಮಗು ಮೈಯಿಂದ ಹೀರಲ್ವಾ? ನೀನು ಬೈತೀಯ ಅಂತ ಹೇಳಿರಲಿಲ್ಲ. ದಿನಾ ಒಂದು ಹಿಡಿ ಎಲೆ ತಿನ್ನಿಸ್ತಿದ್ದೆ. ಈಗ ಯಾರು ತಿನ್ನಿಸ್ತಾರೆ?" ಎಂದು ಬರೆಸಿದ್ದೀಯ. ಎಳೆಯದನ್ನೇ ಆರಿಸಿ, ಬೇಯಿಸಿ, ಹಿಸುಕಿ, ಖಾರವೆಂದು ಉಗಿದರೆ ಸಕ್ಕರೆ ಬೆರೆಸಿ, ತುತ್ತಿನೊಳಗೆ ಅಡಗಿಸಿ ಕೊಡುತ್ತಿದ್ದೆಯಂತೆ. ನನಗೂ ಜ್ವರ ಬಂದಾಗ ಮಾತ್ರೆಯನ್ನು ಹಾಗೇ ನುಂಗಿಸುತ್ತಿದ್ದೆ, ಅಲ್ಲವೇ?

ಆ ಎಲೆಯಿಂದ ಅವನಿಗೆ ಕೆಟ್ಟದ್ದೇನೂ ಆಗಿಲ್ಲಮ್ಮಾ. ಡಾಕ್ಟರನ್ನೇ ಕೇಳಿದೆ. ಆದರೆ ಅತ್ತಿಗೆಗೂ ಆಗುತ್ತದೆಂದು ನೀನು ಒಣಗಿಸಿ ಗಂಟು ಕಟ್ಟಿ ಒಯ್ದಿದ್ದೀಯಲ್ಲ, ಅದು ಬೇಡ. ಒಣಗಿದ ಮೇಲೆ ಅದರ ಗುಣ ಹೋಗುತ್ತದಂತೆ. ಬಸುರಿಗೆ ಉಷ್ಣ ಬೇರೆ. ಅತ್ತಿಗೆಗೆ ಒಂದು ಎಲೆಯನ್ನೂ ಕೊಡಬೇಡ. ಗಂಟನ್ನು ಅಣ್ಣನ ಕೈಗೆ ಕೊಟ್ಟುಬಿಡು.

ಹೆರಿಗೆಯಾದ ಕೂಡಲೇ ಬರುತ್ತೇನೆ ಎಂದಿದ್ದೀಯ. ಇಲ್ಲಿ ನೆಲ ಅಗೆಸುವ ಕೆಲಸವಿದೆ, ಮನೆಯೆಲ್ಲ ಧೂಳು. ಸ್ವಲ್ಪ ದಿನ ಅಲ್ಲೇ ಇರು. ಕಣ್ಣಿಗೆ ಔಷಧಿ ಹಾಕಿಕೊಳ್ಳುವುದನ್ನು ಮರೆಯಬೇಡ.

ನಿನ್ನ ತುತ್ತಿನಲ್ಲಿ ಬೆಳೆದ,
ಚಿಕ್ಕವಳು

ತಾ.ಕ. (ಈ ಹಾಳೆ ಅಣ್ಣನಿಗೆ ಮಾತ್ರ. ಅಮ್ಮ ಪಕ್ಕದಲ್ಲಿದ್ದರೆ ಮಡಿಸಿ ಜೇಬಿಗಿಡು.)

ಅಣ್ಣಾ, ಅಮ್ಮನಿಗೆ ಬರೆದದ್ದು ಸುಳ್ಳು. ಗಿಡ ಹೀರಿದ ಸೀಸ ಎಲ್ಲಿಗೂ ಹೋಗುವುದಿಲ್ಲ, ಎಲೆಯಲ್ಲೇ ಕೂತಿರುತ್ತದೆ. ತಿನ್ನಬೇಡಿ ಎಂದದ್ದು ನಮಗೆ ವಿಷವೆಂದು ಕೇಳಿಸಿತು. ಅಮ್ಮನಿಗೆ ಔಷಧಿಯೆಂದು ಕೇಳಿಸಿತು, ಕಾಯಿಲೆ ಇಲ್ಲದವರು ತಿನ್ನಬಾರದ್ದು ಎಂದು. ಹಿತ್ತಲಿಗೇ ಬಿಡದ ಮಗುವಿನ ರಕ್ತದಲ್ಲಿ ಸೀಸ ಏಕೆ ಏರುತ್ತಿದೆ ಎಂದು ನಾವು ಗೋಡೆಯ ಬಣ್ಣ ಕೆರೆದೆವು, ನೀರು ಬದಲಿಸಿದೆವು, ಆಟದ ಸಾಮಾನು ಎಸೆದೆವು. ಉತ್ತರ ನೀನು ಬರೆದುಕೊಟ್ಟ ಕಾಗದದಲ್ಲಿ ಬಂತು.

ಗುಂಡ ಸಾಧುವಾಗಿಲ್ಲ, ಸೋತಿದ್ದಾನೆ. ಚಮಚ ಹಿಡಿದರೆ ಮಣಿಕಟ್ಟು ಇಳಿಬೀಳುತ್ತದೆ. ಬರುತ್ತಿದ್ದ ಮಾತುಗಳು ಒಂದೊಂದಾಗಿ ನಿಂತಿವೆ. ಮೊದಲು ನಿಂತದ್ದು "ಅಜ್ಜಿ." ರಕ್ತದಲ್ಲಿರುವುದನ್ನು ಔಷಧಿಯಿಂದ ಇಳಿಸಬಹುದು, ಮಿದುಳಿಗೆ ಆದದ್ದು ಹಿಂದಕ್ಕೆ ಬರುವುದಿಲ್ಲ ಎಂದರು ಡಾಕ್ಟರು.

ಅತ್ತಿಗೆಗೆ ಅಮ್ಮ ಈಗಾಗಲೇ ಎಲೆ ತಿನ್ನಿಸಿದ್ದಾಳೋ ಏನೋ. ನಾಳೆಯೇ ರಕ್ತ ಪರೀಕ್ಷೆ ಮಾಡಿಸು. ಗಂಟನ್ನು ಸುಡಬೇಡ, ಸೀಸ ಬೂದಿಯಲ್ಲಿ ಉಳಿಯುತ್ತದೆ. ಹೂಳಲೂ ಬೇಡ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ನನಗೆ ತಂದುಕೊಡು, ಮಣ್ಣು ಪರೀಕ್ಷೆಯವರಿಗೆ ಒಪ್ಪಿಸುತ್ತೇನೆ.

ಇನ್ನೊಂದು. ಅಮ್ಮನನ್ನು ಇಲ್ಲಿಗೆ ಕಳಿಸಬೇಡ. ಬಂದರೆ ಅವನನ್ನು ನೋಡುತ್ತಾಳೆ. ನೋಡಿದರೆ ಕೇಳುತ್ತಾಳೆ, ಕೇಳಿದರೆ ನನ್ನ ಮುಖ ಹೇಳಿಬಿಡುತ್ತದೆ. ಅವಳು ಹೊರಟು ನಿಂತರೆ, ನಾನೇ ಬೇಡವೆಂದೆ ಅನ್ನು. ಮಗಳಿಗೆ ತಾಯಿ ಬೇಡವಾದಳು ಅನ್ನು. ಬೈಯಲಿ, ಅಳಲಿ, ಸಾಯುವತನಕ ನನ್ನ ಮುಖ ನೋಡುವುದಿಲ್ಲ ಎನ್ನಲಿ. ಅಷ್ಟನ್ನು ಅವಳು ತಡೆದುಕೊಳ್ಳುತ್ತಾಳೆ.