ಹನ್ನೊಂದನೆಯ ಗ್ರಾಫು

ಅಡುಗೆಮನೆಯ ಮೇಜಿನಿಂದ,
ಡಿಸೆಂಬರ್ ೧೪, ಭಾನುವಾರ ಬೆಳಿಗ್ಗೆ

ಪ್ರೀತಿಯ ಮಗಳೇ, ನನ್ನ ಗುಬ್ಬೀ,

ಹೇಗಿದ್ದೀಯ? ಹೋಗುವಾಗ ಇದ್ದ ಕೆಮ್ಮು ಬಿಟ್ಟಿತೇ? ಆಸ್ಪತ್ರೆಯಲ್ಲಿ ಮತ್ತೆ ಡಬಲ್ ಡ್ಯೂಟಿ ಹಾಕಿಸಿಕೊಂಡು ಊಟ ಬಿಡುತ್ತಿಲ್ಲ ತಾನೆ? ನನ್ನ ಮಂಡಿ ಎಂದಿನಂತೆ ಗೊಣಗುತ್ತಿದೆ, ಅದೊಂದು ಬಿಟ್ಟರೆ ಗಟ್ಟಿಯಾಗಿದ್ದೇನೆ. ಬೇಕರಿಗೆ ಮತ್ತೆ ಹೋಗುತ್ತಿದ್ದೇನೆ. ಮೈದಾ ಮೂಟೆ ತೂಗಿ ಬರೆಯುವುದರಲ್ಲಿ ಮಧ್ಯಾಹ್ನದವರೆಗೆ ಹೇಗೋ ಕಳೆಯುತ್ತದೆ. ಮನೆಗೆ ಬಂದರೆ, ಬೀಗ ಕಣ್ಣೆದುರೇ ನೇತಾಡುತ್ತಿದ್ದರೂ ಬಾಗಿಲು ತಟ್ಟುತ್ತೇನೆ.

ಆ ದೇಶದ ನರ್ಸ್ ಲೈಸೆನ್ಸ್ ಕೊನೆಗೂ ನಿನ್ನ ಕೈಗೆ ಬಂತೆಂದು ಕೇಳಿ ಜೀವಕ್ಕೆ ಹಿತವಾಯಿತು. ಎರಡು ಸಲ ಆ ಇಂಗ್ಲಿಷ್ ಪರೀಕ್ಷೆ ನಿನ್ನನ್ನು ಕೆಡವಿದ್ದು ಗ್ರಾಫು ನೋಡಿ ಮಾತಿನಲ್ಲಿ ವಿವರಿಸುವ ಪ್ರಶ್ನೆಯಲ್ಲೇ. ಅದಕ್ಕೇ ಜೂನ್ ಕೊನೆಯಿಂದ ನಾನು ವಾರಕ್ಕೊಂದು ಗ್ರಾಫು ಚೌಕುಳಿ ಹಾಳೆಯಲ್ಲಿ ಬರೆದು ಕಳಿಸಿದೆ. ಬನ್ ಎಷ್ಟು ಹೋಯಿತು, ಬಸ್ಸಿಗೆ ಎಷ್ಟು ಜನ ಹತ್ತಿದರು, ಇಂಥವೇ. ನೀನು ನೂರೈವತ್ತು ಪದಗಳಲ್ಲಿ ಉತ್ತರ ಕಳಿಸುತ್ತಿದ್ದೆ. ನಾನು ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದೆ. ಬಸ್ಸಿಗೆ ಜನ ಯಾಕೆ ಕಡಿಮೆಯಾದರೆಂದು ಬರೆದಿಲ್ಲವಲ್ಲ ಎಂದು ಒಮ್ಮೆ ಗದರಿದಾಗ, “ಅಪ್ಪಾ, ಏರಿತು ಇಳಿಯಿತು ಅಷ್ಟೇ ಬರೀಬೇಕು. ಕಾರಣ ಬರೆದ್ರೆ ಮಾರ್ಕ್ಸ್ ಹೋಗುತ್ತೆ!” ಎಂದು ನನಗೇ ಪಾಠ ಮಾಡಿದ್ದೆ.

ಅಮ್ಮನ ಮುಖ ನೋಡಲು ನೀನು ಓಡಿ ಬಂದರೂ ಹೊತ್ತು ಮೀರಿತ್ತು. ವಾಪಸು ಹೊರಡುವ ದಿನ ಬಾಗಿಲಲ್ಲಿ ನಿಂತು, “ಅಮ್ಮನಿಗೆ ಯಾವಾಗಿಂದ ಹೀಗಾಗಿತ್ತು? ಒಂದು ಮಾತು ಹೇಳೋಕೆ ನಿನಗೇನಾಗಿತ್ತು ಅಪ್ಪಾ?” ಎಂದೆ. ನಾನು ನಿನ್ನ ಸೂಟ್‌ಕೇಸ್ ಎತ್ತಿಕೊಂಡು ಮೆಟ್ಟಿಲಿಳಿದೆ. ಅದಕ್ಕೆ ಉತ್ತರ ಇಲ್ಲಿದೆ.

ಹನ್ನೊಂದನೆಯ ಗ್ರಾಫು ತೆಗೆದು ನೋಡು. ಜನವರಿಯಿಂದ ಆಗಸ್ಟ್‌ವರೆಗೆ ದಿನಕ್ಕೆ ಎಷ್ಟು ಡಜನ್ ಬ್ರೆಡ್ ಮಾರಾಟವಾಯಿತು ಎಂದು ಮೇಲೆ ಬರೆದಿದ್ದೇನೆ. ಐವತ್ತೆಂಟರಿಂದ ನಲವತ್ತೊಂದಕ್ಕೆ ಇಳಿದಿದೆ. ಅದು ಬ್ರೆಡ್ ಅಲ್ಲ ಮಗಳೇ, ನಿನ್ನ ಅಮ್ಮನ ತೂಕ. ತಿಂಗಳಿಗೊಮ್ಮೆ ತೂಕ ಬರೆದಿಡಿ, ನಾವು ಮಾಡುವಂಥದ್ದು ಹೆಚ್ಚೇನಿಲ್ಲ ಎಂದು ಡಾಕ್ಟರು ವರ್ಷದ ಮೊದಲಲ್ಲೇ ಹೇಳಿದ್ದರು. ಮೂಟೆ ತೂಗುವ ಯಂತ್ರದ ಮೇಲೆ ನಿಂತು ಅವಳು, “ಮೈದಾ ಲೆಕ್ಕದಲ್ಲಿ ನನ್ನೂ ಸೇರಿಸಿಬಿಟ್ಟೀರಿ, ಜೋಕೆ!” ಎನ್ನುತ್ತಿದ್ದಳು. ನಿನ್ನ ಪರೀಕ್ಷೆ ಮುಗಿಯುವ ತನಕ ತುಟಿ ಬಿಚ್ಚಕೂಡದೆಂದು ಆಣೆ ಹಾಕಿಸಿಕೊಂಡಿದ್ದಳು. ಆದರೆ ಆ ಗೆರೆಯನ್ನು ನೋಡಿಕೊಂಡು ಒಬ್ಬನೇ ಕೂರಲು ನನ್ನಿಂದಾಗಲಿಲ್ಲ. ನಿನ್ನ ಕಣ್ಣೂ ಅದರ ಮೇಲೆ ಬೀಳಲಿ ಅನಿಸಿತು. ಯಾಕೆ ಎಂದು ನೀನು ಕೇಳುವುದಿಲ್ಲವೆಂಬ ಧೈರ್ಯದ ಮೇಲೆ ಹೆಸರು ಬದಲಿಸಿ ಕಳಿಸಿದೆ.

ನೀನು ಬರೆದೆ: ಮೂರು ತಿಂಗಳು ಸ್ಥಿರವಾಗಿತ್ತು, ಏಪ್ರಿಲ್‌ನಿಂದ ನಿಧಾನಕ್ಕೆ ಇಳಿಯಿತು, ಜುಲೈನಲ್ಲಿ ದಿಢೀರನೆ ಕುಸಿಯಿತು. ನಿನ್ನ ಇಂಗ್ಲಿಷಿನಲ್ಲಿ ಒಂದು ತಪ್ಪೂ ಇರಲಿಲ್ಲ. ಅವತ್ತು ಕೆಂಪು ಪೆನ್ನಿನ ಮುಚ್ಚಳ ತೆಗೆಯಲೇ ಇಲ್ಲ.

ದಿನಬೆಳಗಾದರೆ ರೋಗಿಗಳ ಚಾರ್ಟ್ ನೋಡುವವಳು, ನನಗೇಕೆ ಹೊಳೆಯಲಿಲ್ಲ ಎಂದು ಹಲುಬಬೇಡ. ಬ್ರೆಡ್ ಎಂದು ಬರೆದವನು ನಾನು. ಬೈಯಬೇಕೆನಿಸಿದರೆ ಬೈದು ಬರೆ, ಬರೆಯದೆ ಮಾತ್ರ ಇರಬೇಡ.

ರೂಮಿನ ಗೆಳತಿಗೆ ನನ್ನ ನೆನಪು ಹೇಳು. ಅಮ್ಮನ ಸ್ವೆಟರನ್ನು ಪೆಟ್ಟಿಗೆಯಲ್ಲಿ ಮಡಚಿಡಬೇಡ, ಹಾಕಿಕೋ. ನೀನು ನೂರು ಕಾಲ ನಗುತ್ತಿರಬೇಕು, ಅಷ್ಟೇ ನನ್ನ ಆಸೆ.

ನಿನ್ನ
ಅಪ್ಪ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ಆ ಉತ್ತರದ ಕೆಳಗೆ ನೀನು ತಮಾಷೆಗೆ, “ಅಪ್ಪಾ, ಈ ಬೇಕರಿ ಬಾಗಿಲು ಹಾಕೋದೇ ವಾಸಿ!” ಎಂದು ಗೀಚಿದ್ದೆ. ಇವತ್ತಲ್ಲ ನಾಳೆ ಅದು ನೆನಪಾಗಿ ನಿನ್ನ ಎದೆ ಸುಡುತ್ತದೆ. ಅದಕ್ಕೆ ಮೊದಲು ಇದು ತಿಳಿದಿರಲಿ. ಆ ಹಾಳೆಯನ್ನು ಅಮ್ಮ ನನ್ನ ಕೈಯಿಂದ ಕಿತ್ತುಕೊಂಡು ನೋಡಿದಳು. ಅಂಕಿ ಯಾರದೆಂದು ಕೂಡಲೇ ಗೊತ್ತಾಯಿತು. ನಿನ್ನ ಮಾತು ಓದಿ, ಆ ತಿಂಗಳಲ್ಲಿ ಮೊದಲ ಸಲ, ಹೊಟ್ಟೆ ಹಿಡಿದುಕೊಂಡು ನಕ್ಕಳು. “ರೀ, ಇನ್ನೂ ನಲವತ್ತೊಂದು ಡಜನ್ ಇದೆ, ಈಗಲೇ ಬಾಗಿಲು ಹಾಕಿಸ್ಬೇಡ ಅಂತ ಬರೀರಿ ಅವಳಿಗೆ” ಎಂದಳು. ಆಗ ಬರೆಯಲಾಗಲಿಲ್ಲ. ಈಗ ಬರೆದಿದ್ದೇನೆ.