ಮಾಂತೇಶ ನೋಡದೆ ಹೋದ ಗಿಟಾರ್

ಇಳಕಲ್
ಸೋಮವಾರ, ೩ ಫೆಬ್ರವರಿ ೨೦೨೫

ಮಾಂತೇಶನ ಅವ್ವನಿಗೆ,

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಇಪ್ಪತ್ತು ವರ್ಷ ನಾನು ನಿನ್ನನ್ನು ಹೆಸರು ಹಿಡಿದು ಕರೆದವನೇ ಅಲ್ಲ. ಹುಡುಗ ಹೋದ ಮೇಲೂ ಅವನ ಅವ್ವ ಎಂದೇ ಕರೆದರೆ ನಿನಗೆ ನೋವಾಗುತ್ತದೋ, ಕರೆಯದಿದ್ದರೆ ಹೆಚ್ಚು ನೋವಾಗುತ್ತದೋ ತಿಳಿಯಲಿಲ್ಲ. ಸುನಂದಾ ಎಂದು ಬರೆದು ನೋಡಿದೆ, ಯಾರದೋ ಹೆಂಡತಿಗೆ ಬರೆದಂತಾಯಿತು, ಹರಿದು ಹಾಕಿದೆ. ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೋ.

ಮೊಣಕಾಲು ಹೇಗಿದೆ? ಬಾದಾಮಿಯಲ್ಲಿ ನಿನ್ನ ತಮ್ಮ ನಾಗಲಿಂಗನ ಮನೆಯ ಮೆಟ್ಟಿಲುಗಳು ಎತ್ತರ, ದಿನಕ್ಕೆ ಹತ್ತು ಸಲ ಹತ್ತಿ ಇಳಿಯಬೇಡ. ಒಂದೇ ಹೊತ್ತು ಉಣ್ಣುತ್ತೀ ಎಂದು ಅವನು ಹೇಳಿದ. ಅದು ಕೇಳಿ ನನಗೆ ಸಿಟ್ಟು ಬಂತು. ಆದರೆ ಸಿಟ್ಟು ಮಾಡುವ ಹಕ್ಕು ನನಗೆ ಎಲ್ಲಿ ಉಳಿದಿದೆ? ರೊಟ್ಟಿ ಸೇರದಿದ್ದರೆ ನುಚ್ಚಾದರೂ ಮಜ್ಜಿಗೆಯಲ್ಲಿ ಕಲಸಿಕೊಂಡು ಉಣ್ಣು. ನನ್ನ ಅವ್ವ ಶಿವಲಿಂಗವ್ವ ಗಟ್ಟಿಯಾಗಿದ್ದಾಳೆ. ಕಣ್ಣು ಮಂಜಾದರೂ ಬಾಯಿ ಮಂಜಾಗಿಲ್ಲ. ದಿನಾ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವಾಗ 'ಸೊಸಿ ಬಂದ್ಳೇನೋ ಹೊಳಬಸಪ್ಪಾ' ಎಂದು ಕೇಳುತ್ತಾಳೆ. ಇಲ್ಲ ಎಂದರೆ 'ನಿನ್ನ ನಾಲಿಗಿ ಸುಡ್ಲಿ' ಎನ್ನುತ್ತಾಳೆ. ನಿನ್ನ ಪರವಾಗಿ ಈ ಮನೆಯಲ್ಲಿ ಅವಳೊಬ್ಬಳಿದ್ದಾಳೆ. ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ. ಬರೆಯಲು ಕೈ ಏಳಲಿಲ್ಲ, ಬಿಟ್ಟಿದ್ದೇನೆ.

ಹನ್ನೊಂದು ತಿಂಗಳಲ್ಲಿ ನೀನು ನನ್ನ ಫೋನು ಎತ್ತಿಲ್ಲ. ಎತ್ತಿದ್ದರೂ ನಾನು ಏನು ಮಾತಾಡುತ್ತಿದ್ದೆನೋ. ಇಂಥದ್ದು ಫೋನಿನಲ್ಲಿ ಆಡುವ ಮಾತಲ್ಲ, ಅದಕ್ಕೆ ಕಾಗದ. ಹೋದ ವರ್ಷ ಫೆಬ್ರವರಿ ಹದಿನೆಂಟನೆಯ ತಾರೀಖು ಮುಂಜಾನೆ ನಾನು ಮನೆಯಲ್ಲಿ ಇಲ್ಲದಾಗ ನೀನು ಬೈಕಿನ ಕೀಲಿ ಕೊಟ್ಟು, ಬಾಗಲಕೋಟೆಗೆ ಹೋಗಿ ಆ ಗಿಟಾರನ್ನು ಕಣ್ಣಿನಿಂದಲಾದರೂ ನೋಡಿ ಬಾ ಎಂದು ಅವನಿಗೆ ಹೇಳಿದೆ. ಅವನು ಅಮೀನಗಡದ ಹತ್ತಿರ ಲಾರಿಗೆ ಸಿಕ್ಕ. ಸಂಜೆ ಅವನನ್ನು ಅಂಗಳದಲ್ಲಿ ತಂದು ಮಲಗಿಸಿದಾಗ, ಓಣಿಯ ಜನರೆಲ್ಲ ನಿಂತಿರುವಾಗ, 'ಕೀಲಿ ಕೊಟ್ಟು ಕೊಂದಾಕಿ ನೀನ' ಎಂದು ನಾನು ಅಂದೆ. ನೀನು ಅಳುವುದನ್ನೂ ನಿಲ್ಲಿಸಿ ನನ್ನನ್ನು ನೋಡಿದೆ. ಹನ್ನೊಂದನೆಯ ದಿನ ಮುಗಿಸಿ ತವರಿಗೆ ಹೋದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಈಗ ಸುದ್ದಿ. ನಾನು ಗಿಟಾರ್ ತಂದಿದ್ದೇನೆ. ಅವನು ಮಗ್ಗದ ಪಕ್ಕದ ಗೋಡೆಗೆ ಚಿತ್ರ ಅಂಟಿಸಿದ್ದನಲ್ಲ, ಅದನ್ನೇ. ಆ ಚಿತ್ರವನ್ನೇ ಗೋಡೆಯಿಂದ ಬಿಡಿಸಿ ಕಿಸೆಯಲ್ಲಿಟ್ಟುಕೊಂಡು ಹೋದ ಗುರುವಾರ ಬಾಗಲಕೋಟೆಯ ಬಸ್ಸು ಹತ್ತಿದೆ. ಹುನಗುಂದ ದಾಟಿದ ಮೇಲೆ ಕಣ್ಣು ಮುಚ್ಚಿ ಕೂತವನು ಅಮೀನಗಡ ಹಿಂದೆ ಬಿದ್ದ ಮೇಲೆ ಶಿರೂರಿನಲ್ಲೇ ತೆರೆದೆ. ಅಂಗಡಿಯಲ್ಲಿ ವಿದ್ಯಾ ಎಂಬ ಹೆಣ್ಣುಮಗಳು ಇದ್ದಳು. 'ಯಾರಿಗ್ರಿ ಕಾಕಾ' ಎಂದು ಕೇಳಿದಳು. ಮಗನಿಗೆ ಎಂದೆ. ಎಷ್ಟು ವರ್ಷದವನು ಎಂದಳು. ಹತ್ತೊಂಬತ್ತು ಎಂದೆ.

ನಾನು ಯಾಕೆ ಬೇಡ ಎನ್ನುತ್ತಿದ್ದೆ ಎಂಬುದು ನಿನಗೆ ಗೊತ್ತು. ದುಡ್ಡಿನ ಮಾತೇ ಅಲ್ಲ ಅದು. ಒಂದು ಒಳ್ಳೆಯ ರೇಶಿಮೆ ಸೀರೆಗಿಂತ ಕಡಿಮೆ ಬೆಲೆಗೆ ಸಿಗುತ್ತದೆ ಎಂದು ಅವನು ಹೇಳಿದ್ದೇ ನನ್ನನ್ನು ಕೆರಳಿಸಿತು. ಪವರ್‌ಲೂಮಿನಲ್ಲಿ ಹೊಡೆದ ಸೀರೆಯನ್ನು ಇಳಕಲ್ ಸೀರೆ ಎಂದು ಮಾರುವವರನ್ನು ಕಂಡು ಕಂಡು ನನ್ನ ಹೊಟ್ಟೆ ಉರಿದಿತ್ತು. 'ಮಷೀನಿನ್ಯಾಗ ಸಾವಿರಗಟ್ಲೆ ಹೊಡದ ಅಗ್ಗದ ಮಾಲು ನನ್ನ ಹೊಸ್ತಿಲಾ ದಾಟೂದಿಲ್ಲ' ಎಂದು ಅವನ ಬಾಯಿ ಮುಚ್ಚಿಸಿದೆ. 'ಅಪ್ಪಾ, ಒಮ್ಮೆ ಕೈಯಾಗರೆ ಹಿಡದು ನೋಡು, ಆಮ್ಯಾಲೆ ಬೈ' ಎನ್ನುತ್ತಿದ್ದ. ನೋಡದೆಯೇ ಬೈದೆ. ಈಗ ಕೈಯಲ್ಲಿ ಹಿಡಿದು ನೋಡಿದ್ದೇನೆ. ಅವನೂ ನೋಡಲಿಲ್ಲ, ನೀನೂ ನೋಡಿಲ್ಲ, ಅದಕ್ಕೆ ಹೇಗಿದೆ ಎಂದು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೊದಲನೆಯದಾಗಿ, ಅದು ಟೊಳ್ಳಲ್ಲ. ನಾನು ತಂಬೂರಿಯ ಹಾಗೆ ಒಳಗೆ ಪೊಳ್ಳಿರುತ್ತದೆ ಎಂದುಕೊಂಡಿದ್ದೆ. ಇದು ಕರೆಂಟಿನ ಗಿಟಾರ್, ಇಡೀ ಕಟ್ಟಿಗೆ. ಆದರೂ ಹಗುರ, ಆಗ ಹುಟ್ಟಿದ ಕೂಸಿನಷ್ಟು ತೂಕ. ತೊಡೆಯ ಮೇಲೆ ಇಟ್ಟುಕೊಂಡರೆ ಒತ್ತಬಾರದೆಂದು ಹೊಟ್ಟೆಯ ಕಡೆ ಕಟ್ಟಿಗೆಯನ್ನು ತಗ್ಗಾಗಿ ಕೆತ್ತಿದ್ದಾರೆ. ಬಣ್ಣ ನವಿಲುಕತ್ತಿನದು, ಬಿಸಿಲಿಗೆ ಹಿಡಿದರೆ ಒಮ್ಮೆ ನೀಲಿ ಒಮ್ಮೆ ಹಸಿರು, ನಮ್ಮ ಧೂಪಛಾವ್ ಸೀರೆಯ ಹಾಗೆ. ತಪ್ಪು ಹುಡುಕಲೆಂದೇ ಕೂತೆ. ನನ್ನ ಗುಣ ನಿನಗೆ ಗೊತ್ತಲ್ಲ, ಹೆಣ್ಣು ನೋಡಲು ನಿಮ್ಮ ಮನೆಗೆ ಬಂದಾಗಲೂ ನಿನ್ನ ಸೆರಗಿನ ಎಳೆ ಎಣಿಸಿದವನು ನಾನು. ಉದ್ದನೆಯ ಕತ್ತಿನ ಮೇಲೆ ಸ್ವರ ಒತ್ತಲು ಇಪ್ಪತ್ತೆರಡು ಲೋಹದ ಪಟ್ಟಿಗಳನ್ನು ಕೂರಿಸಿದ್ದಾರೆ. ಅವುಗಳ ಅಂಚಿನ ಮೇಲೆ ಬೆರಳು ಎಳೆದೆ. ಅಗ್ಗದ ಮಾಲಾದರೆ ಅಲ್ಲಿ ಚರ್ಮ ಕೀಳಬೇಕು. ಎರಡು ಕಡೆ ಒಂದಿಷ್ಟು ಒರಟಾಗಿತ್ತು, ಉಳಿದದ್ದೆಲ್ಲ ನುಣುಪು. ಕತ್ತು ಮೈಗೆ ಕೂಡುವಲ್ಲಿ ಉಗುರು ತೂರದಷ್ಟು ಬಿಗಿ. ತಂತಿ ಬಿಗಿಮಾಡುವ ಒಂದು ಗುಬ್ಬಿ ಮಾತ್ರ ತಿರುಗಿಸುವಾಗ ಅಲ್ಲಾಡುತ್ತದೆ. ಯಾರೋ ಮನಸ್ಸಿಟ್ಟು ಮಾಡಿದ್ದಾರೆ. ಮಷೀನಿನ ಹಿಂದೆಯೂ ಒಬ್ಬ ಮನುಷ್ಯ ನಿಂತಿರುತ್ತಾನೆ ಎಂಬುದು ಐವತ್ತು ದಾಟಿದ ಮೇಲೆ ನನಗೆ ತಿಳಿಯಿತು. ಮೊದಲೇ ತಿಳಿದಿದ್ದರೆ!

ಇನ್ನು ನನ್ನ ಪೆದ್ದತನ ಕೇಳು. ಮನೆಗೆ ತಂದ ಮರುದಿನ ಮಗ್ಗದ ಮುಂದೆ ಕೂತು ತಂತಿಗಳ ಮೇಲೆ ಅಂಗೈ ಆಡಿಸಿದೆ, ಮಗ್ಗದ ಉದ್ದೆಳೆಗಳ ಹಾಸಿನ ಮೇಲೆ ಆಡಿಸುವ ಹಾಗೆ. ದಪ್ಪ ತಂತಿ ಬಿರುಸಾಗಿತ್ತು, ಸಣ್ಣ ತಂತಿಗಳು ಸಡಿಲ ಎನಿಸಿತು. ಸಡಿಲ ಎಳೆ ಕಂಡರೆ ನೇಕಾರನ ಕೈ ಸುಮ್ಮನಿರುತ್ತದೆಯೇ? ಹಾಸು ಎಂದರೆ ಎಲ್ಲ ಎಳೆಗೂ ಒಂದೇ ಬಿಗಿ ಎಂದುಕೊಂಡು, ಆರೂ ಒಂದೇ ಸಮ ಆಗಲಿ ಎಂದು ಗುಬ್ಬಿ ತಿರುಗಿಸುತ್ತ ಹೋದೆ. ಎಲ್ಲಕ್ಕಿಂತ ಸಣ್ಣದು ಫಟ್ಟನೆ ಹರಿದು ಮುಂಗೈಗೆ ಬಾರಿಸಿತು, ರಕ್ತ ಬಂತು. ಹರಿದ ಎಳೆಗೆ ನಾವೇನು ಮಾಡುತ್ತೇವೆ? ಗಂಟು ಹಾಕುತ್ತೇವೆ. ಉಕ್ಕಿನ ತಂತಿಗೆ ನೇಕಾರನ ಗಂಟು ಹಾಕಲು ಅರ್ಧ ತಾಸು ಒದ್ದಾಡಿದೆ. ಹಾಕಿದ್ದು ಜಾರಿತು, ಮತ್ತೆ ಹಾಕಿದೆ, ಮತ್ತೆ ಜಾರಿತು. ಅವ್ವ ಮೂಲೆಯಿಂದ 'ಅದನ್ನೂ ಹರದಿ ಏನೋ' ಎಂದಳು. ಅವಳು ತಂತಿಗೇ ಅಂದಳೋ ಇನ್ನೇನಕ್ಕೆ ಅಂದಳೋ ಕೇಳುವ ಧೈರ್ಯವಾಗಲಿಲ್ಲ.

ಹುನಗುಂದದಲ್ಲಿ ಪೇಟಿ, ತಬಲಾ ರಿಪೇರಿ ಮಾಡುವ ಅಹ್ಮದಸಾಬನ ಹತ್ತಿರ ಒಯ್ದೆ. ನಮ್ಮ ಭಜನೆಯ ಪೇಟಿ ಸರಿಮಾಡಿಕೊಡುವ ಮುದುಕ, ನಿನಗೆ ಗೊತ್ತಿದ್ದವನೇ. ಗಂಟು ನೋಡಿ ಮೊದಲು ನಕ್ಕ, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. 'ಹೊಳಬಸಪ್ಪಾ, ಇದು ನಿನ್ನ ಹಾಸು ಅಲ್ಲೋ ಮಾರಾಯಾ. ಒಂದೊಂದು ತಂತಿಗೆ ಒಂದೊಂದು ಬಿಗಿ. ಎಲ್ಲಾನೂ ಒಂದ ಸಮ ಎಳದ್ರ ಸಣ್ಣದು ಹರೀತದ, ಅದರ ತಪ್ಪೇನು' ಎಂದ. ಹೊಸ ತಂತಿ ಹಾಕಿ, ಕಿವಿ ಹಚ್ಚಿ ಸ್ವರ ಕೂಡಿಸಿ ಕೊಟ್ಟ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ ಆ ಮಾತೇ ಕಿವಿಯಲ್ಲಿತ್ತು. ಆ ಹುಡುಗನನ್ನು ನಾನು ನನ್ನ ಬಿಗಿಗೇ ಎಳೆದೆನಲ್ಲ ಸುನಂದಾ. ಕಾಲೇಜು, ಮಗ್ಗ, ಭಜನೆ, ತಲೆಗೂದಲು, ಎಲ್ಲದರಲ್ಲೂ.

ವೈರು ಚುಚ್ಚಿ ಸ್ವಿಚ್ ಹಾಕದಿದ್ದರೆ ಅದು ಮೂಕ, ಪಕ್ಕದಲ್ಲಿ ಕೂತವರಿಗೂ ಸರಿಯಾಗಿ ಕೇಳುವುದಿಲ್ಲ. ಜೊತೆಗೆ ಒಂದು ಸಣ್ಣ ಡಬ್ಬಿ ಕೊಟ್ಟಿದ್ದಾರೆ, ಸದ್ದು ಅದರಿಂದ ಬರಬೇಕು. ನಿನ್ನೆ ಮಧ್ಯಾಹ್ನ ಹಚ್ಚಿದೆ. ಬಾರಿಸುವ ಮೊದಲೇ ಡಬ್ಬಿ ಗುಂಯ್ ಎನ್ನತೊಡಗಿತು. ಕೆಟ್ಟಿತೇನೋ ಎಂದು ಗಾಬರಿಯಾಗಿ ತಂತಿಗಳ ಮೇಲೆ ಅಂಗೈ ಇಟ್ಟೆ. ಸದ್ದು ಅಡಗಿತು. ಕೈ ತೆಗೆದರೆ ಮತ್ತೆ ಗುಂಯ್, ಇಟ್ಟರೆ ಸುಮ್ಮನೆ. ಅದು ಕರೆಂಟಿನ ಗುಣವಂತೆ, ದೋಷವಲ್ಲವಂತೆ, ಅಹ್ಮದಸಾಬ ಫೋನಿನಲ್ಲಿ ಹೇಳಿದ. ಇರಬಹುದು. ಮಾಂತೇಶ ಬಾಣಂತಿ ಕೋಣೆಯಲ್ಲಿದ್ದಾಗ ನೀನು ಎದೆಯ ಮೇಲೆ ಕೈ ಇಟ್ಟರೆ ಅಳು ನಿಲ್ಲಿಸುತ್ತಿದ್ದ, ತೆಗೆದರೆ ಶುರು ಮಾಡುತ್ತಿದ್ದ. ನಾನು ಹಾಗೆಯೇ ಕೈ ಇಟ್ಟುಕೊಂಡು ಕೂತು ಅತ್ತೆ. ಒಂದು ಸ್ವರವನ್ನೂ ಬಾರಿಸಲಿಲ್ಲ, ನನಗೆ ಬರುವುದೂ ಇಲ್ಲ.

ಬರುವ ಹದಿನೆಂಟಕ್ಕೆ ವರ್ಷವಾಗುತ್ತದೆ. ಹೋದವರಿಗೆ ಆಸೆಯಿದ್ದದ್ದನ್ನು ಎಡೆಯ ಜೊತೆ ಇಡುವುದು ನಮ್ಮಲ್ಲಿ ನಡೆದು ಬಂದದ್ದು. ಹೊಸ ಅಂಗಿ ತಂದಿದ್ದೇನೆ, ಹೋಳಿಗೆ ಮಾಡಲು ನನ್ನ ತಂಗಿ ಬರುತ್ತಾಳೆ. ಫೋಟೋದ ಮುಂದೆ ಗಿಟಾರನ್ನು ಇಡುವುದು ಮಾತ್ರ ನಿನ್ನ ಕೈಯಿಂದ ಆಗಬೇಕು. ಅವನ ಆಸೆಗೆ ಹೂಂ ಅಂದವಳು ನೀನೊಬ್ಬಳೇ. ಬಾ ಎಂದು ಹುಕುಮು ಮಾಡುವುದಿಲ್ಲ, ಕೇಳಿಕೊಳ್ಳುತ್ತೇನೆ. ಅಂದು ಆಡಿದ ಮಾತು ಆಡಬಾರದಿತ್ತು.

ನಾಗಲಿಂಗನಿಗೂ ಅವನ ಮನೆಯವರಿಗೂ ನನ್ನ ಶರಣು ಹೇಳು. ಅವ್ವ ನಿನಗೆ ತುಂಬಿದ ಮನಸ್ಸಿನಿಂದ ಹರಸಿದ್ದಾಳೆ. ಎರಡೂ ಹೊತ್ತು ಉಣ್ಣು.

ನಿನ್ನ ಮುಂದೆ ತಲೆ ಎತ್ತಲಾರದ,
ಹೊಳಬಸಪ್ಪ

ತಾ.ಕ.: ಪಾಕೀಟಿಗೆ ಅಂಟು ಹಚ್ಚಿ ಟಪಾಲು ಡಬ್ಬಿಯವರೆಗೆ ಹೋಗಿ ತಿರುಗಿ ಬಂದೆ. ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿವೆ. ಅಂದು ಆಡಿದ್ದು ಸಿಟ್ಟಿನ ಮಾತು ಎಂದು ನೀನು ತಿಳಿದಿದ್ದೀ. ಅದು ಸುಳ್ಳು ಮಾತು. ಲಾರಿಗೆ ಸಿಕ್ಕಾಗ ಮಾಂತೇಶ ಬಾಗಲಕೋಟೆಗೆ ಹೊರಟಿರಲಿಲ್ಲ. ನೀನು ಕೀಲಿ ಕೊಟ್ಟ ಮೇಲೆ ಅವನು ನೆಟ್ಟಗೆ ಪೇಟೆಗೆ ನನ್ನ ಹತ್ತಿರ ಬಂದು, ಹೀಗೆ ಹೋಗುತ್ತಿದ್ದೇನೆ ಎಂದು ಇದ್ದದ್ದು ಇದ್ದಂತೆ ಹೇಳಿದ. ನಾನು ಬೇಡ ಎಂದೆ. 'ಆತು ಬಿಡಪ್ಪಾ, ಮನಿಗೆ ಹೋಗ್ತೇನಿ. ಹಿಂದಿನ ಬ್ರೇಕೂ ಹಿಡೀವಲ್ದು' ಎಂದು ಬೈಕು ತಿರುಗಿಸಿದ. ಮದುವೆಯವರು ಸೀರೆಗೆ ಒಪ್ಪುವ ಕುಪ್ಪಸದ ಖಣ ಅಂದೇ ಬೇಕೆಂದು ನನ್ನ ತಲೆ ತಿನ್ನುತ್ತಿದ್ದರು. ನಾನೇ ಅವನನ್ನು ಕರೆದು ಖಣ ತರಲು ಗುಳೇದಗುಡ್ಡಕ್ಕೆ ಕಳಿಸಿದೆ. ಬ್ರೇಕು ಮಾಡಿಸಿಕೊಂಡು ನಾಳೆ ಹೋಗುತ್ತೇನೆ ಎಂದ. 'ನಿನಗ ಕೆಲಸ ಅಂದ್ರ ನೆವ ಬೇಕು' ಎಂದು ಬೈದು ಕಳಿಸಿದೆ. ಎರಡು ಊರಿಗೂ ಅಮೀನಗಡದ ದಾರಿಯೇ ಆದ್ದರಿಂದ ಯಾರಿಗೂ ತಿಳಿಯಲಿಲ್ಲ. ದವಾಖಾನೆಯಲ್ಲಿ ಅವನ ಕಿಸೆಯಲ್ಲಿ ಸಿಕ್ಕ ಚೀಟಿಯನ್ನು ನನ್ನ ಕೈಗೇ ಕೊಟ್ಟರು, ವರ್ಷವಿಡೀ ಮುಚ್ಚಿಟ್ಟೆ. ಅದನ್ನು ಇದರೊಳಗೆ ಇಟ್ಟಿದ್ದೇನೆ. ಗುಳೇದಗುಡ್ಡದಿಂದ ಯಾವ ಖಣ ತರಬೇಕೆಂದು ಬರೆದ ಅಕ್ಷರ ನನ್ನದು. ಬಣ್ಣ ಹೊಂದಿಸಲೆಂದು ಅದಕ್ಕೆ ಸುತ್ತಿ ಕೊಟ್ಟ ದಾಳಿಂಬೆ ಕೆಂಪಿನ ಎಳೆ ಹಾಗೆಯೇ ಇದೆ. ಆ ಸೀರೆಯ ನೂಲನ್ನು ಕಂಡಿಕೆಗೆ ಸುತ್ತಿದವಳು ನೀನೇ, ನೋಡಿದರೆ ಗುರುತು ಸಿಗುತ್ತದೆ. ಓಣಿಯವರನ್ನೆಲ್ಲ ಹದಿನೆಂಟಕ್ಕೆ ಕರೆದಿದ್ದೇನೆ. ನೀನು ಬಂದರೂ ಬರದಿದ್ದರೂ ಅದೇ ಅಂಗಳದಲ್ಲಿ ನಿಂತು ಇದನ್ನು ಅವರಿಗೆ ಹೇಳುತ್ತೇನೆ.