ಹಸಿರು ಕೋಶದ ಏಳು ಬಾಣಗಳು

ಭಾನುವಾರ, ಮಾರ್ಚ್ ೯

ಪ್ರೀತಿಯ ಚೂಟಿಗೆ,

ಲಕೋಟೆಯ ಮೇಲೆ ಅಮ್ಮನ ಅಕ್ಷರ ಕಂಡು ಗಾಬರಿಯಾಗಬೇಡ. ಇಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದೇವೆ. ಇದನ್ನು ಫೋನಿನಲ್ಲೇ ಹೇಳೋಣವೆಂದು ಎರಡು ಸಲ ಹೊರಟೆ. ಎರಡು ಸಲವೂ ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ ಎಂದು ವಿಚಾರಣೆ ನಡೆಸಿ ಇಟ್ಟುಬಿಟ್ಟೆ. ಬಾಯಿ ತೆರೆದರೆ ನಾನು ಟೀಚರ್ ಆಗಿಬಿಡುತ್ತೇನೆ, ಏನು ಮಾಡಲಿ. ಅದಕ್ಕೇ ಕಾಗದ.

ನೇರವಾಗಿ ಹೇಳುತ್ತೇನೆ. ಒಂಬತ್ತನೇ ತರಗತಿಯಲ್ಲಿ, ನನ್ನ ಪಾಠದಲ್ಲೇ, ನೀನು ಬರೆದ ಒಂದು ಚಿತ್ರವನ್ನು ನನ್ನ ಎಂ.ಎಸ್ಸಿ.ಯ ಕೊನೆಯ ಪ್ರಾಜೆಕ್ಟಿಗೆ ಕೊಡಬೇಕೆಂದಿದ್ದೇನೆ. ಅದಕ್ಕೆ ನಿನ್ನ ಒಪ್ಪಿಗೆ ಬೇಕು, ಇಪ್ಪತ್ತನೇ ತಾರೀಖಿನೊಳಗೆ. ನೀನು ಬೇಡ ಎಂದರೆ ಈ ವರ್ಷ ನನ್ನ ಓದು ಮುಗಿಯುವುದಿಲ್ಲ. ಹಾಗೆಂದು ಹೂಂ ಅನ್ನಬೇಕಿಲ್ಲ. ಮೊದಲು ನಾನು ಕಂಡದ್ದನ್ನು ಕೇಳು.

ಈ ಕೋರ್ಸಿನಲ್ಲಿ ಇರುವವರೆಲ್ಲ ನನ್ನ ಹಾಗೆ ಜೀವಶಾಸ್ತ್ರ ಕಲಿಸುವವರೇ. ಕಂಪ್ಯೂಟರ್ ಪರದೆಯ ತುಂಬ ಮೂವತ್ತೊಂದು ಚೌಕ, ಚೌಕಕ್ಕೊಬ್ಬ ಟೀಚರ್. ಎಲ್ಲರಿಗೂ ಮಾತಾಡಿ ರೂಢಿ, ಕೇಳಿಸಿಕೊಂಡು ರೂಢಿಯಿಲ್ಲ. ಮೊದಲ ವಾರವೇ ನಮ್ಮ ಪ್ರೊಫೆಸರಮ್ಮ ಎಲ್ಲರ ದನಿಯನ್ನೂ ಬಂದ್ ಮಾಡಿ, ಸ್ವಲ್ಪ ದಿನ ನೀವೂ ಮಕ್ಕಳಾಗಿರಿ ಅಂದರು. ನನಗಿಂತ ಹದಿನೈದು ವರ್ಷ ಚಿಕ್ಕವರು. ಕೋಪ ಬಂತು, ಬರದೆ ಇರುತ್ತದೆಯೇ! ನಿಮ್ಮಪ್ಪ ಮಾತ್ರ ಅಡುಗೆಮನೆಯಿಂದಲೇ, ಭೇಷ್, ಈ ಕೆಲಸ ನನ್ನ ಕೈಲಿ ಮೂವತ್ತು ವರ್ಷದಿಂದ ಆಗಿರಲಿಲ್ಲ ಅಂತ ನಕ್ಕರು.

ಹೋದ ತಿಂಗಳು ಒಂದು ಪ್ರಯೋಗವನ್ನು ಮನೆಯಲ್ಲೇ ಮಾಡಿ ನೋಡಲು ಹೇಳಿದರು. ಶಾಲೆಯ ಸೂಕ್ಷ್ಮದರ್ಶಕವನ್ನು ಹೆಡ್‌ಮಾಸ್ಟರಿಗೆ ಬರೆದುಕೊಟ್ಟು ತಂದೆ. ಅಲಂಕಾರದ ಮೀನು ಮಾರುವವನ ಹತ್ತಿರ ತೊಟ್ಟಿಯ ನೀರುಗಿಡದ ಒಂದು ಎಳೆ ಕೇಳಿದೆ. ಮೀನು ಬೇಡ್ವಾ ಮೇಡಂ, ಬರೀ ಕಸ ಸಾಕಾ ಅಂದ. ಬೆಳಿಗ್ಗೆ ಊಟದ ಮೇಜನ್ನು ಕಿಟಕಿಗೆ ಎಳೆದು, ಒಂದು ಪುಟ್ಟ ಎಲೆಯನ್ನು ಗಾಜಿನ ಸ್ಲೈಡಿನ ಮೇಲೆ ನೀರಿನ ಹನಿಯಲ್ಲಿ ಇಟ್ಟು ಕೂತೆ. ಮೊದಲು ಏನೂ ವಿಶೇಷವಿಲ್ಲ. ಇಟ್ಟಿಗೆ ಜೋಡಿಸಿದಂತೆ ಕೋಶಗಳು, ಒಳಗೆ ಹಸಿರು ಕಣಗಳು. ಇಪ್ಪತ್ತೆರಡು ವರ್ಷದಿಂದ ಬೋರ್ಡಿನ ಮೇಲೆ ನಾನು ಬರೆಯುತ್ತ ಬಂದದ್ದೇ. ಬೆಳಕು ಬೀಳುವ ಹಾಗೆ ಇಟ್ಟು ಹತ್ತು ನಿಮಿಷ ಸುಮ್ಮನೆ ಕಾಯಿರಿ ಎಂದಿದ್ದರು. ಸುಮ್ಮನೆ ಕೂರುವುದು ನನಗೆ ಎಷ್ಟು ಕಷ್ಟವೆಂದು ನಿನಗೆ ಗೊತ್ತು. ಆದರೂ ಕಾದೆ.

ಚೂಟಿ, ಅವು ಹೊರಟವು! ಮೊದಲು ಒಂದು ಕಣ, ಅದರ ಬೆನ್ನಿಗೆ ಇನ್ನೊಂದು, ಆಮೇಲೆ ಎಲ್ಲವೂ. ಕೋಶದ ಗೋಡೆಗುಂಟ ಒಂದರ ಹಿಂದೊಂದು ಹೋಗಿ, ಮೂಲೆ ಬಂದಾಗ ತುಸು ಗುಂಪಾಗಿ, ಸರಿದು, ತಿರುಗಿ ಮತ್ತೆ ಮುಂದಕ್ಕೆ. ನೂಕುವವರಿಲ್ಲ, ಕರೆಯುವವರಿಲ್ಲ. ಪಕ್ಕದ ಕೋಶದಲ್ಲೂ ಅದೇ, ಅದರ ಪಕ್ಕದಲ್ಲೂ. ನನಗೆ ಮೈ ಜುಮ್ಮೆಂದಿತು. ಅಳು ಬಂತು ಎಂದರೂ ಸುಳ್ಳಲ್ಲ. ಉಗುರಿಗಿಂತ ಚಿಕ್ಕ ಎಲೆಯಲ್ಲಿ ಇಷ್ಟೊಂದು ಓಡಾಟವಿದ್ದರೆ, ಜೀವ ಅನ್ನುವುದನ್ನು ನಾನು ಇಷ್ಟು ವರ್ಷ ಏನೆಂದುಕೊಂಡು ಪಾಠ ಮಾಡಿದೆ?

ನಿಮ್ಮಪ್ಪನನ್ನು ಕರೆದೆ. ಕಾಫಿ ಲೋಟ ಹಿಡಿದೇ ಬಗ್ಗಿದವರು ಬಹಳ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ಮೆಲ್ಲಗೆ, ಇವೆಲ್ಲಾ ಎಲ್ಲಿಗೆ ಹೋಗ್ತಿವೆ ಕಣೇ ಅಂತ ಕೇಳಿದರು. ಗೊತ್ತಿಲ್ಲ ಅಂದೆ. ಆ ಮಾತು ನನ್ನ ಬಾಯಿಂದ ಬಂದದ್ದಕ್ಕೆ ಅವರಿಗೆ ಎಲೆಗಿಂತ ಹೆಚ್ಚು ಆಶ್ಚರ್ಯವಾಯಿತು.

ಅವರು ಅತ್ತ ಹೋದ ಮೇಲೆ ನಿನ್ನ ಚಿತ್ರದ ಬಾಣಗಳು ನೆನಪಾದವು. ಅಟ್ಟದಿಂದ ನಿನ್ನ ರೆಕಾರ್ಡ್ ಬುಕ್ ಇಳಿಸಿದೆ. ಅದೇ ನೀರುಗಿಡದ ಎಲೆ, ಅದೇ ಕೋಶ. ಗೋಡೆಗುಂಟ ಪೆನ್ಸಿಲಿನಲ್ಲಿ ಏಳು ಪುಟ್ಟ ಬಾಣ, ಕೆಳಗೆ ದುಂಡಗಿನ ಅಕ್ಷರದಲ್ಲಿ 'ಇವು ಸುತ್ತುತ್ತಿವೆ' ಎಂದು ಬರೆದಿದ್ದೀಯ. ಏಳನ್ನೂ ನಾನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೇನೆ. 'ಊಹೆ ಬೇಡ. ನೋಡಿದ್ದನ್ನು ಮಾತ್ರ ಬರೆ' ಎಂದು ಷರಾ ಬೇರೆ. ಅವು ನಿಜವಾಗಿಯೂ ಸುತ್ತುತ್ತಿದ್ದವು ಎಂದು ನೀನು ಹೇಳಿದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಇಡೀ ತರಗತಿಯ ಮುಂದೆ ನಿನ್ನಿಂದ ಆ ಚಿತ್ರವನ್ನು ಬಾಣವಿಲ್ಲದೆ ಇನ್ನೊಮ್ಮೆ ಬರೆಸಿದೆ. ಪಠ್ಯಪುಸ್ತಕದ ಚಿತ್ರದಲ್ಲಿ ಬಾಣವಿರಲಿಲ್ಲ, ಅಷ್ಟೇ ಕಾರಣ. ಆ ವಾರವೆಲ್ಲ ನೀನು ಮನೆಯಲ್ಲೂ ನನ್ನನ್ನು ಟೀಚರ್ ಎಂದೇ ಕರೆದೆ. ಮುಂದೆ ವಿಜ್ಞಾನ ಬೇಡವೆಂದು ಕಟ್ಟಡಗಳ ನಕ್ಷೆ ಬರೆಯಲು ಹೋದೆ. ಗೋಡೆ ಎಳೆದರೆ ಎಳೆದಲ್ಲೇ ಇರುತ್ತದೆ ಎಂದು ನೀನೊಮ್ಮೆ ಅಂದದ್ದು ತಮಾಷೆಗಲ್ಲ ಎಂದು ನನಗೆ ಆಗಲೂ ಗೊತ್ತಿತ್ತು.

ಕೊನೆಯ ಪ್ರಾಜೆಕ್ಟಿಗೆ ಅವರು ಕೊಟ್ಟ ವಿಷಯ, 'ನೀವು ತಪ್ಪಾಗಿ ಕಲಿಸಿದ ಒಂದು ಪಾಠ'. ನಾನು ಈ ಚಿತ್ರದ ಬಗ್ಗೆಯೇ ಬರೆದೆ. ಆದರೆ 'ಒಬ್ಬ ವಿದ್ಯಾರ್ಥಿನಿ' ಎಂದಷ್ಟೇ ಹೇಳಿ ಜಾರಿಕೊಂಡಿದ್ದೆ. ಪ್ರೊಫೆಸರಮ್ಮ ಬಿಡಲಿಲ್ಲ. ಆ ಹುಡುಗಿಗೆ ಇದು ಗೊತ್ತಾ, ಅವಳೇ ಒಪ್ಪಿ ಹೆಸರು ಹಾಕಿಸಿಕೊಳ್ಳದೆ ನಾನಿದನ್ನು ತಗೊಳ್ಳಲ್ಲ ಅಂದರು. ನ್ಯಾಯವೇ. ಮೊದಲು ಕಂಡವಳು ನೀನು, ಹೆಸರು ನಿನ್ನದೇ ಇರಬೇಕು.

ತಪ್ಪಾಯಿತು ಮಗಳೇ. ಹದಿನಾಲ್ಕನೇ ವಯಸ್ಸಿಗೆ ಯಾರೂ ತೋರಿಸಿಕೊಡದೆ ನೀನು ಅದನ್ನು ಕಂಡಿದ್ದೆ. ಅದನ್ನು ನೆನೆದರೆ ಎಲೆಯ ಬೆರಗಿಗಿಂತ ನಿನ್ನ ಬೆರಗೇ ದೊಡ್ಡದಾಗಿ ಕಾಣುತ್ತದೆ.

ಉತ್ತರ ಏನೇ ಇರಲಿ, ನಿನ್ನ ಕೈಯಲ್ಲೇ ಬರೆದು ಕಳಿಸು.

ನಿನ್ನ ಕಾಗದದ ದಾರಿ ಕಾಯುತ್ತಿರುವ
ಅಮ್ಮ

ಮರೆತ ಮಾತು: ಮರೆತದ್ದೇನಲ್ಲ, ಬರೆಯಲು ಧೈರ್ಯವಿರಲಿಲ್ಲ. ಪಠ್ಯಪುಸ್ತಕವೇ ಕಾರಣ ಎಂದು ಮೇಲೆ ಬರೆದದ್ದು ಸುಳ್ಳು. ಆ ದಿನ ಚಿತ್ರ ಬರೆಯುವ ಮುಂಚೆ ನೀನು ನನ್ನನ್ನು ಕರೆದಿದ್ದೆ, ನೋಡಿ ಟೀಚರ್ ಅಂತ. ನಾನು ಬಂದು ಬಗ್ಗಿದೆ, ಒಂದು ಕಣ್ಣು ಮುಚ್ಚಿದೆ, ಹೂಂ ಸರಿಯಾಗಿದೆ ಅಂದೆ. ನನಗೆ ಕಂಡದ್ದು ನನ್ನದೇ ರೆಪ್ಪೆಯ ಕೂದಲು. ನಾನು ಓದಿದ ಕಾಲೇಜಿನಲ್ಲಿ ಅರವತ್ತು ಜನರಿಗೆ ಒಂದು ಸೂಕ್ಷ್ಮದರ್ಶಕ, ಅದೂ ಬೀಗ ಹಾಕಿದ ಗಾಜಿನ ಬೀರುವಿನಲ್ಲಿ. ಅದರಲ್ಲಿ ನೋಡುವುದು ಹೇಗೆಂದು ನಾನು ಕಲಿತದ್ದೇ ಹೋದ ತಿಂಗಳು. ಒಪ್ಪಿಗೆ ಕೊಡುವ ಮುಂಚೆ ಇದು ನಿನಗೆ ಗೊತ್ತಿರಲಿ.